ಸಮುದ್ರದ ಮೀನಿಗೆ ಕಪಾಟು: ಮರೀನ್ ಪ್ಲೈಯೋ, ಡಬ್ಲ್ಯುಪಿಸಿಯೋ, ಹೆಬ್ಬಲಸೋ?

ನನ್ನ ಮೊದಲ ಅಕ್ವೇರಿಯಂ ಕಪಾಟಿನ ಬಾಗಿಲು ಎರಡನೇ ಮಳೆಗಾಲಕ್ಕೇ ಮುಚ್ಚಲು ಬರಲಿಲ್ಲ. ಅದು ಎಂಡಿಎಫ್, ಅಂದರೆ ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ. ತೊಟ್ಟಿಯ ಜೊತೆಗೇ ಬಂದದ್ದು, ನೋಡಲು ಚೆಂದವಿತ್ತು. ಕೆಳಗಿನ ಅಂಚು ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿತ್ತು. ನಾಲ್ಕು ಅಡಿಯ ಸಣ್ಣ ತೊಟ್ಟಿ ಆದ್ದರಿಂದ ಖಾಲಿ ಮಾಡಿ ಬಚಾವಾದೆ.

ಈಗಿನದು ಆರು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಸುಮಾರು 600 ಲೀಟರ್ ಉಪ್ಪುನೀರು. 12 ಎಂ.ಎಂ. ಗಾಜು, ಕಲ್ಲು ಎಲ್ಲ ಸೇರಿದರೆ 800 ಕೆ.ಜಿ. ಹತ್ತಿರ. ಇಂಥದ್ದನ್ನು ಒಮ್ಮೆ ಇಟ್ಟ ಮೇಲೆ ಕಪಾಟು ಹಾಳಾಯಿತು ಅಂತ ಎತ್ತಿಡುವ ಹಾಗಿಲ್ಲ. ಹಾಗಾಗಿ ಈ ಸಲ ಕಟ್ಟುವ ಮೊದಲೇ ಪರೀಕ್ಷೆ ಮಾಡಿ ನೋಡೋಣ ಅನಿಸಿತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಮರಕ್ಕೆ ಶತ್ರು ನೀರಲ್ಲ, ಉಪ್ಪು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಗುಳ್ಳೆ ಒಡೆದು ಸಿಡಿದ ಹನಿ ಒಣಗಿದರೂ ಉಪ್ಪು ಅಲ್ಲೇ ಉಳಿಯುತ್ತದೆ. ಗಾಳಿಯ ತೇವ 75% ದಾಟಿದರೆ ಆ ಉಪ್ಪು ತಾನೇ ನೀರು ಎಳೆದುಕೊಂಡು ಒದ್ದೆಯಾಗುತ್ತದೆ. ಆಟಿ ತಿಂಗಳಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೋಡಿದ್ದೀರಲ್ಲ, ಅದೇ ಕಥೆ. ಮಂಗಳೂರಿನ ಮಳೆಗಾಲದಲ್ಲಿ ಸಂಪ್ ಪಕ್ಕದ ಹಲಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದೇ ಇಲ್ಲ. ಸಂಪ್ ಅಂದರೆ ತೊಟ್ಟಿಯ ಕೆಳಗೆ ಕಪಾಟಿನ ಒಳಗೆ ಕೂರುವ ಸಣ್ಣ ತೊಟ್ಟಿ. ಪಂಪು, ಕೊಳೆ ನೊರೆಯನ್ನು ಎತ್ತುವ ಸ್ಕಿಮ್ಮರ್ ಎಲ್ಲ ಅದರಲ್ಲೇ.

ನಾಲ್ಕು ತುಂಡು ತಂದೆ. ಐಎಸ್ 710 ಗುರುತಿನ ಮರೀನ್ ಪ್ಲೈ, ಎಚ್‌ಡಿಎಚ್‌ಎಂಆರ್ (ಎಂಡಿಎಫ್‌ನ ಹಾಗೆಯೇ ಒತ್ತಿ ಮಾಡಿದ್ದು, ಆದರೆ ತೇವ ತಡೆಯುವ ದಟ್ಟ ಹಲಗೆ), ಡಬ್ಲ್ಯುಪಿಸಿ, ಮತ್ತೆ ಅಜ್ಜನ ಮನೆ ಕೆಡವಿದಾಗ ಸಿಕ್ಕಿದ ತೊಲೆಯಿಂದ ಕೊಯ್ಸಿದ ಹೆಬ್ಬಲಸು. ಪ್ರತಿಯೊಂದಕ್ಕೂ ಎರಡೆರಡು ಸ್ಕ್ರೂ ಹಾಕಿಸಿ, ಅಂಚಿಗೆ ಏನೂ ಬಳಿಯದೆ, ಹಳೇ ತೊಟ್ಟಿಯ ಸ್ಕಿಮ್ಮರ್ ಪಕ್ಕ ಒಂದು ಮಳೆಗಾಲ ಪೂರ್ತಿ ಇಟ್ಟೆ. ಅಮ್ಮ ದಿನಾ ಬೆಳಿಗ್ಗೆ "ಈ ಸೌದೆ ಯಾವಾಗ ತೆಗೀತೀಯಾ?" ಅಂತ ಕೇಳುತ್ತಿದ್ದರು.

ಎಚ್‌ಡಿಎಚ್‌ಎಂಆರ್ ಎಂಡಿಎಫ್‌ನಷ್ಟು ಕೆಡಲಿಲ್ಲ. ಆದರೆ ಸ್ಕ್ರೂ ಸುತ್ತ ಉಬ್ಬಿತು. ಅಡುಗೆಮನೆಗೆ ಸಾಕು, ಇದಕ್ಕೆ ಬೇಡ.

ಡಬ್ಲ್ಯುಪಿಸಿಗೆ ಏನೂ ಆಗಲಿಲ್ಲ. ಒರೆಸಿದರೆ ಹೊಸದೇ. ಪ್ಲಾಸ್ಟಿಕ್, ಮರದ ಹುಡಿ ಸೇರಿಸಿ ಮಾಡಿದ್ದು, ನೀರು ಎಲ್ಲಿ ಕುಡಿಯಬೇಕು? ಗೆದ್ದಲೂ ಮುಟ್ಟುವುದಿಲ್ಲ. ಅಲ್ಲಿಗೇ ತೀರ್ಮಾನ ಆಗಬೇಕಿತ್ತು, ಆದರೆ ಅದೇ ಹಲಗೆಯನ್ನು ಎರಡು ಇಟ್ಟಿಗೆಯ ಮೇಲೆ ಸೇತುವೆಯ ಹಾಗೆ ಇಟ್ಟು, ನಡುವೆ ಎರಡು ಕೊಡ ನೀರು ಇಟ್ಟು ಒಂದು ತಿಂಗಳು ಬಿಟ್ಟೆ. ಬಾಗಿತು. ಭಾರ ತೆಗೆದ ಮೇಲೂ ಪೂರ್ತಿ ನೇರವಾಗಲಿಲ್ಲ. ಸ್ಕ್ರೂ ಬಿಚ್ಚಿ ಮತ್ತೆ ಹಾಕಿದರೆ ಹಿಡಿತವೂ ಸಡಿಲ. 800 ಕೆ.ಜಿ. ಹೊರುವ ಜಾಗಕ್ಕೆ ಇದನ್ನು ಹಾಕುವ ಧೈರ್ಯ ನನಗಿಲ್ಲ.

ಮರೀನ್ ಪ್ಲೈ ಮೈ ಕಪ್ಪಾಯಿತು, ಅಂಚಿನ ನಾರು ಸ್ವಲ್ಪ ಎದ್ದಿತು, ಪದರ ಮಾತ್ರ ಬಿಡಲಿಲ್ಲ. 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುವ ಅಂಟು ಅದು, ಬಿಡಬಾರದು ಕೂಡ. ಆದರೆ ಅಂಗಡಿಯಲ್ಲಿ "ಮರೀನ್" ಅಂತ ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ. ಹಲಗೆಯ ಮೇಲೆ ಐಎಸ್ಐ ಗುರುತು, 710 ಅಂಕಿ ಎರಡೂ ಇರಬೇಕು. ನನಗೆ ಒಂದು ಕಡೆ 303 ಅನ್ನೇ, ಅಂದರೆ ಸಾಮಾನ್ಯ ಬಳಕೆಯ ಪ್ಲೈಯನ್ನೇ, ಮರೀನ್ ಅಂತ ಕೊಡಲು ಬಂದಿದ್ದರು.

ಇನ್ನು ಹೆಬ್ಬಲಸು. ನಮ್ಮ ಕಡೆ ಇದರ ಹಣ್ಣಿಗೆ ಪೆಜಕಾಯಿ ಅನ್ನುತ್ತೇವೆ, ಮರದಲ್ಲಿ ದೋಣಿ ಕಟ್ಟುತ್ತಾರೆ. ಕೇರಳದವರ ಆಂಞಿಲಿ ಇದೇ. ಉಪ್ಪುನೀರಿಗೆ ಹೆದರದ ಮರ. ನನ್ನ ತುಂಡು ಉಬ್ಬಲಿಲ್ಲ, ಕೊಳೆಯಲಿಲ್ಲ, ಬಣ್ಣ ಇನ್ನೂ ಗಾಢವಾಗಿ ಚೆಂದ ಕಂಡಿತು. ಎರಡು ತೊಂದರೆ ಮಾತ್ರ. ಬಕೆಟ್ಟಿನಲ್ಲಿ ನೆನೆಸಿಟ್ಟಾಗ ನೀರು ತೆಳು ಚಹಾದ ಬಣ್ಣಕ್ಕೆ ತಿರುಗಿತು, ಅಂದರೆ ಸಂಪ್ ಮೇಲೆ ಇದರ ಹನಿ ಬೀಳಬಾರದು. ಮತ್ತೆ ಗಟ್ಟಿ ಮರ ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗುತ್ತದೆ. ಅಗಲ ಹಲಗೆ ತಿರುಚಿಕೊಂಡರೆ ಮೇಲಿನ ಗಾಜಿನ ಗತಿ?

ಈ ಲೆಕ್ಕ ಮುಗಿಸಿ ಆಚಾರ್ರನ್ನು ಕರೆದೆ. ನನ್ನ ನಕ್ಷೆ ನೋಡಿ ಅವರು, "ಇದು ಕಪಾಟಾ ಸರ್, ದೋಣಿಯಾ?" ಅಂದರು.

ಭಾರ ಹೊರುವುದಕ್ಕೆ ಕಬ್ಬಿಣದ ಫ್ರೇಮೋ, ಪ್ಲೈ ಪೆಟ್ಟಿಗೆಯೋ ಅನ್ನುವುದರಲ್ಲಿ ಇಬ್ಬರಿಗೂ ವಾದ. ನನಗೆ ಫ್ರೇಮ್ ಅನುಭವ ಇತ್ತು. ನಡುವೆ ಕಂಬ ಇಲ್ಲದೆ ಜಾಗ ತೆರೆದಿರುತ್ತದೆ, ಸಂಪ್ ಸುಲಭವಾಗಿ ಎಳೆಯಬಹುದು. ಅದೇ ಅದರ ದೊಡ್ಡ ಲಾಭ. ಆದರೆ ಹಳೇ ತೊಟ್ಟಿಗೆ ಎಂಡಿಎಫ್ ಹೋದ ಮೇಲೆ ಮಾಡಿಸಿದ್ದ ಫ್ರೇಮ್, ಪೌಡರ್ ಕೋಟಿಂಗ್ ಇದ್ದರೂ, ವೆಲ್ಡಿಂಗ್ ಮಾಡಿದ ಜಾಗದಲ್ಲಿ ಒಳಗಿಂದ ತುಕ್ಕು ಹಿಡಿದಿತ್ತು. ಹೊರಗೆ ಬಣ್ಣ ಗುಳ್ಳೆ ಏಳುವವರೆಗೆ ಗೊತ್ತೇ ಆಗುವುದಿಲ್ಲ. ಪ್ಲೈ ಹಾಗಲ್ಲ, ಹಾಳಾಗುತ್ತಿದ್ದರೆ ಕಣ್ಣಿಗೆ ಕಾಣುತ್ತದೆ. ನೆಟ್ಟಗೆ ನಿಂತ 18 ಎಂ.ಎಂ. ಪ್ಲೈ ಭಾರಕ್ಕೆ ಕುಸಿಯುವುದಿಲ್ಲ ಸ್ವಾಮಿ. ಅದು ಬೀಳುವುದಾದರೆ ಪಕ್ಕಕ್ಕೆ ವಾಲಿ. ಹಾಗಾಗಿ ಹಿಂಬದಿಯ ಹಲಗೆ ಅಲಂಕಾರಕ್ಕಲ್ಲ, ಪೈಪಿಗೆ ಅಂತ ಅದನ್ನು ಪೂರ್ತಿ ಕತ್ತರಿಸಬೇಡಿ.

ಕೊನೆಗೆ ಪ್ಲೈ ಪೆಟ್ಟಿಗೆಯೇ ಆಯಿತು. ನಾಲ್ಕಡಿ ಒಂದು ಖಾನೆ, ಎರಡಡಿ ಇನ್ನೊಂದು. ಮೇಲೆ ಎರಡು ಪದರ ಪ್ಲೈ, ನಾಲ್ಕಡಿಯ ಖಾನೆಯ ಮೇಲಂಚಿಗೆ ಆರು ಇಂಚಿನ ಪಟ್ಟಿ ಜೋಡಿಸಿ ನಿಲ್ಲಿಸಿದ್ದು. ಸಣ್ಣ ಖಾನೆಯಲ್ಲಿ ಕರೆಂಟಿನ ಬೋರ್ಡು, ಆ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ ಬೇರೆ, ಅಂದರೆ ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್ಚು. ಇಲ್ಲಿ ಒಂದು ತಪ್ಪು ನನ್ನದೇ: ಆ ಆರು ಇಂಚಿನ ಪಟ್ಟಿ ಬಾಗಿಲಿನ ಎತ್ತರ ತಿಂದುಬಿಟ್ಟಿತು. ಸ್ಕಿಮ್ಮರ್ ಒಳಗೆ ನಿಲ್ಲುತ್ತದೆ, ಆದರೆ ಅದರ ಮೇಲಿನ ಕಪ್ ತೊಳೆಯಲು ತೆಗೆಯಬೇಕಾದರೆ ಓರೆ ಮಾಡಬೇಕು. ವಾರಕ್ಕೆರಡು ಸಲ ಕೈ ಮೇಲೆ ಕೊಳಕು ನೀರು ಚೆಲ್ಲುತ್ತದೆ. ಸ್ಕಿಮ್ಮರ್‌ನ ಎತ್ತರ ಅಳೆಯುವಾಗ ಕಪ್ ಎತ್ತುವ ಜಾಗವನ್ನೂ ಅಳೆಯಿರಿ.

ಒಳಗೆ ಎಪಾಕ್ಸಿ ಮೂರು ಕೋಟ್. ಅಂಚು, ಸ್ಕ್ರೂ ತೂತು, ಪೈಪ್ ತೂತು ಎಲ್ಲದಕ್ಕೂ. ಮೈಕಾ ಅಂಟಿಸಿದರೆ ಸಾಲದೇ ಅಂದರೆ ಸಾಲದು. ಮೈಕಾ ಮುಖ ಕಾಯುತ್ತದೆ, ತೂತು ಕಾಯುವುದಿಲ್ಲ. ಹೊರಗೆ ಪಿಯು ಪಾಲಿಶ್. ಮೆಲಮೈನ್ ಅಗ್ಗ, ಆದರೆ ಒದ್ದೆ ಕೈಯಿಂದ ದಿನಾ ಮುಟ್ಟುವ ಜಾಗದಲ್ಲಿ ಬಿಳಿಚಿಕೊಂಡಿದ್ದು ನೋಡಿದ್ದೇನೆ. ಸಂಪ್ ಕೂರುವ ತಳಕ್ಕೆ ಮಾತ್ರ ಡಬ್ಲ್ಯುಪಿಸಿ ತಟ್ಟೆ, ನಾಲ್ಕು ಇಂಚು ಅಂಚಿನದ್ದು, ಮೂಲೆಗೆ ಸಿಲಿಕೋನ್. ಅಲ್ಲಿ ಅದಕ್ಕೆ ಸಮನಾದದ್ದಿಲ್ಲ.

ಹಿಂಜ್ ವಿಷಯದಲ್ಲಿ ಆಚಾರ್ರು "ಹಿತ್ತಾಳೆ ಹಾಕುವ ಸರ್, ತುಕ್ಕಿನ ರಗಳೆಯೇ ಇಲ್ಲ" ಅಂದರು. ದೋಣಿಗೆ ಸರಿ, ದೇವರ ಕೋಣೆಗೂ ಸರಿ. ಇಲ್ಲಿ ಬೇಡವೇ ಬೇಡ. ಹಿತ್ತಾಳೆಯಲ್ಲಿ ತಾಮ್ರ ಇರುತ್ತದೆ. ಅದರ ಹನಿ ಸಂಪಿಗೆ ಸೇರಿದರೆ ಸಿಗಡಿ, ಶಂಖದ ಹುಳು, ಹವಳ ಬದುಕುವುದಿಲ್ಲ. ಸ್ಟೀಲಿನಲ್ಲೂ 304 ದರ್ಜೆಯದಕ್ಕೆ ಉಪ್ಪು ಚುಕ್ಕೆ ಚುಕ್ಕೆಯಾಗಿ ಕಂದು ಕಲೆ ಬರಿಸುತ್ತದೆ. 316ರಲ್ಲಿ ಮಾಲಿಬ್ಡಿನಂ ಇರುವುದರಿಂದ ಹೆಚ್ಚು ತಡೆಯುತ್ತದೆ. ಬೆಲೆ ಜಾಸ್ತಿ, ಹುಡುಕುವುದೂ ಕಷ್ಟ. ನನಗೆ ಕೊನೆಗೆ ಸಿಕ್ಕಿದ್ದು ಬೋಟಿನ ಸಾಮಾನು ಮಾರುವ ಅಂಗಡಿಯಲ್ಲಿ.

ಹೆಬ್ಬಲಸಿಗೆ ಬಾಗಿಲುಗಳ ಪಾಲು ಬಂತು. ಅಗಲ ಹಲಗೆ ಬೇಡ ಅಂತ ಚೌಕಟ್ಟು ಕಟ್ಟಿ ನಡುವೆ ಓರೆ ಪಟ್ಟಿ ಹಾಕಿಸಿದೆ. ಗಾಳಿಯೂ ಆಡುತ್ತದೆ, ಪಟ್ಟಿ ಹಿಗ್ಗಿದರೂ ಜಾಗ ಇದೆ. ಮನೆಗೆ ಬಂದವರು ಮೀನಿಗಿಂತ ಮೊದಲು ಬಾಗಿಲು ಸವರಿ ನೋಡುತ್ತಾರೆ, ಸುಳ್ಳಲ್ಲ.

ಎರಡು ಮಳೆಗಾಲ ಕಳೆದಿದೆ. ಒಳಗೆಲ್ಲ ಟಾರ್ಚ್ ಹಿಡಿದು ಹುಡುಕಿದೆ. ಎಡಗಡೆ ಬಾಗಿಲಿನ ಕೆಳಗಿನ ಹಿಂಜ್‌ನಲ್ಲಿ ಒಂದೇ ಒಂದು ಸ್ಕ್ರೂ ಕೆಂಪಗೆ ತುಕ್ಕು ಹಿಡಿದಿದೆ. ಆಚಾರ್ರಿಗೆ ಫೋನ್ ಮಾಡಿ ಕೇಳಿದೆ. ಅವತ್ತು ನನ್ನ ಪೊಟ್ಟಣದಲ್ಲಿ ಒಂದು ಕಡಿಮೆ ಬಿತ್ತಂತೆ, ಜೇಬಿನಲ್ಲಿದ್ದದ್ದನ್ನು ಹಾಕಿದರಂತೆ.