ಕೈಯಲ್ಲಿ ತಿರುಗಿಸೋ ಆಯಿಲ್ ಪಂಪು: ಮೂರು ವರ್ಷ ಬಳಸಿದ ಮೇಲೆ ಬರೀತಿರೋದು

ಪಾರ್ಸಲ್ ಬಿಚ್ಚಿದ ದಿನಾನೇ ಐದು ಸ್ಟಾರ್ ಒತ್ತಿ "ಸೂಪರ್ ಪ್ರಾಡಕ್ಟ್" ಅಂತ ಬರೆದಿದ್ದೋರನ್ನ ನಂಬ್ಕೊಂಡೇ ನಾನೂ ಇದನ್ನ ತಗೊಂಡಿದ್ದು, ಅದಕ್ಕೇ ಮೂರು ವರ್ಷ ಬಾಯಿ ಮುಚ್ಕೊಂಡಿದ್ದು ಈಗ ಬರೀತಿದೀನಿ. ನಮ್ದು ತಿಪಟೂರಲ್ಲಿ ಸಣ್ಣ ಗ್ಯಾರೇಜು. ಟೂ ವೀಲರ್ರು, ಟ್ರಾಕ್ಟರು, ಟಿಲ್ಲರು ಎಲ್ಲ ಮಾಡ್ತೀವಿ, ಅರ್ಧ ಕೆಲಸ ಅಂಗಡಿಲಿ, ಇನ್ನರ್ಧ ತೆಂಗಿನ ತೋಟದಲ್ಲಿ ಮಣ್ಣಲ್ಲಿ ಕೂತ್ಕೊಂಡು.

ಸಾಮಾನು ಏನು ಅಂತ ಮೊದ್ಲು ಹೇಳ್ಬಿಡ್ತೀನಿ. ಎಂಜಿನ್ನಿಗೆ ಆಯಿಲ್ ಅಳೆದು ಹಾಕೋ ಪಂಪು ಇದು: ಇಪ್ಪತ್ತು ಲೀಟರ್ ಹಿಡಿಯೋ ತಗಡಿನ ಡ್ರಮ್ಮು, ಹಿಂದೆ ಎರಡು ಚಕ್ರ, ತಲೆ ಮೇಲೆ ಕೈಯಲ್ಲಿ ತಿರುಗಿಸೋ ಹ್ಯಾಂಡಲ್, ಪಕ್ಕದಲ್ಲಿ ಸುತ್ತು ಎಣಿಸೋ ಮೀಟರು, ಆರಡಿ ಹೋಸು, ತುದೀಲಿ ಬಗ್ಗಿದ ಮೂತಿ. ಒಂದು ಪೂರ್ತಿ ಸುತ್ತಿಗೆ 100 ಮಿಲಿ ಆಯಿಲ್ ಬರುತ್ತೆ ಅನ್ನೋದು ಕಂಪನಿ ಲೆಕ್ಕ. 2022ರಲ್ಲಿ 7,400 ಕೊಟ್ಟೆ. ಕಂಪನಿ ಹೆಸರು ಕೇಳ್ಬೇಡಿ, ಒಂದೇ ಅಚ್ಚಲ್ಲಿ ಮಾಡಿದ್ದಕ್ಕೆ ನಾಲ್ಕು ಹೆಸರಿನ ಸ್ಟಿಕ್ಕರ್ ಅಂಟಿಸಿ ಮಾರ್ತಾರೆ, ನನ್ನದರ ಸ್ಟಿಕ್ಕರ್ ಅಂತೂ ಮೊದಲನೇ ಮಳೆಗಾಲಕ್ಕೇ ಎದ್ದೋಯ್ತು.

ಯಾಕೆ ತಗೊಂಡೆ ಅಂದ್ರೆ, ಬೈಕಿಗೆ 900 ಮಿಲಿ ಡಬ್ಬ ಒಡೆದು ಹುಯ್ದ್ರೆ ಮುಗೀತು, ಅಲ್ಲಿ ಪಂಪೇನೂ ಬೇಕಿಲ್ಲ. ಕಷ್ಟ ಇರೋದು ಟ್ರಾಕ್ಟರ್ ಹತ್ರ. ಒಂದಕ್ಕೆ ಆರೂವರೆ ಲೀಟರು, ಇನ್ನೊಂದಕ್ಕೆ ಏಳು, ಡಬ್ಬ ನೋಡಿದ್ರೆ ಐದು ಲೀಟರ್‌ದು ಒಂದು ಲೀಟರ್‌ದು, ಉಳಿದ ಅರ್ಧ ಡಬ್ಬ ಯಾರ್ದು ಅನ್ನೋ ಪಂಚಾಯ್ತಿ ಪ್ರತೀ ಸರ್ವೀಸಿಗೂ. ಬಕೆಟ್ಟಲ್ಲಿ ತಂದು ಮಗ್ಗಲ್ಲಿ ಅಳೆದು ಆಲಿಕೆ ಇಟ್ಟು ಹುಯ್ಯೋದು ಇತ್ತು ಮುಂಚೆ, ತೋಟದಲ್ಲಿ ಗಾಳಿ ಬಂದ್ರೆ ಆಲಿಕೆ ಒಳಗೆ ತೆಂಗಿನ ನಾರು, ಧೂಳು, ಒಂದ್ಸಲ ಗೊದ್ದ ಕೂಡ ಬಿದ್ದಿತ್ತು. ಹುಡುಗನ ಕೈಗೆ ಮಗ್ ಕೊಟ್ರೆ ಆರು ಹಾಕಿದ್ನೋ ಏಳು ಹಾಕಿದ್ನೋ ಅವನಿಗೇ ಮರ್ತೋಗಿರೋದು. ಕಮ್ಮಿ ಆದ್ರೆ ಎಂಜಿನ್ನಿಗೆ ಕೇಡು ಅಂತ ಎಲ್ರಿಗೂ ಗೊತ್ತು, ಜಾಸ್ತಿ ಆದ್ರೂ ಕೇಡೇ ಅಂತ ಬಹಳ ಜನಕ್ಕೆ ಗೊತ್ತಿಲ್ಲ, ಎಂಜಿನ್ ತಳದಲ್ಲಿ ತಿರುಗೋ ಕ್ರ್ಯಾಂಕು ಆಯಿಲ್ ಒಳಗೆ ಹೊಡ್ಕೊಂಡು ನೊರೆ ಎಬ್ಬಿಸುತ್ತೆ, ಆಮೇಲೆ ಎಂಜಿನ್ ಗಾಳಿ ಬಿಡೋ ಬ್ರೀದರ್ ದಾರೀಲಿ, ಸೀಲ್ ಸಂದೀಲಿ ಹೊರಗೆ ಬರೋಕೆ ಶುರು.

ಪಂಪ್ ಬಂದ್ಮೇಲೆ ಮೊದ್ಲು ಬದಲಾಗಿದ್ದು ಗಿರಾಕಿ ಮುಖ. ಹೊನ್ನವಳ್ಳಿ ಕಡೆ ಒಬ್ರು ಯಜಮಾನ್ರು ಇದಾರೆ, ಎಪ್ಪತ್ತು ದಾಟಿದೆ, ಟ್ರಾಕ್ಟರ್ ಪಕ್ಕ ಕಲ್ಲ ಮೇಲೆ ಕೂತು ನಾನು ಹ್ಯಾಂಡಲ್ ತಿರುಗಿಸಿದ ಹಾಗೇ ಜೋರಾಗಿ ಎಣಿಸ್ತಾರೆ. ರಾಗಿ ಅಳೆಯೋವಾಗ ಎಣಿಸ್ತಾರಲ್ಲ ಹಂಗೇನೇ, ಒಂದು ಅನ್ನಲ್ಲ, "ಲಾಭ, ಎರಡು, ಮೂರು" ಅಂತ. ಎಪ್ಪತ್ತು ಅಂದ ತಕ್ಷಣ "ಸಾಕು ನಿಲ್ಸಪ್ಪಾ" ಅಂತಾರೆ. ಮೀಟರ್ ನೋಡಿದ್ರೆ ಅದೂ ಎಪ್ಪತ್ತು. ಮಗ್ ಕಾಲದಲ್ಲಿ ಇದೇ ಯಜಮಾನ್ರ ಹತ್ರ ಎಷ್ಟು ಸಲ ಬೈಸ್ಕೊಂಡಿದೀನೋ ಲೆಕ್ಕ ಇಲ್ಲ.

ಆದ್ರೆ ನಾನು ಇಲ್ಲಿ ಮುಖ್ಯವಾಗಿ ಹೇಳೋಕೆ ಬಂದಿದ್ದು ಏನಂದ್ರೆ ಆ ಮೀಟರ್ ಆಯಿಲ್ ಅಳೆಯಲ್ಲ ಸ್ವಾಮಿ, ಸುತ್ತು ಎಣಿಸುತ್ತೆ ಅಷ್ಟೆ. ಸುತ್ತಿನೊಳಗೆ ಆಯಿಲ್ ಇತ್ತೋ ಗಾಳಿ ಇತ್ತೋ ಅದಕ್ಕೆ ಗೊತ್ತಿಲ್ಲ. ಇದು ತಲೆಗೆ ಹೋಗೋಕೆ ನನಗೆ ಒಂದು ಮರ್ಯಾದೆ ಹೋಗೋ ಪ್ರಸಂಗ ಬೇಕಾಯ್ತು. ತಗೊಂಡು ಎರಡು ತಿಂಗಳಾಗಿತ್ತು, ನೊಣವಿನಕೆರೆ ಹತ್ರ ಒಂದು ಟ್ರಾಕ್ಟರು, ಡ್ರಮ್ಮಲ್ಲಿ ಏಳೂವರೆ ಲೀಟರ್ ಇದೆ, ಏಳು ಬೇಕು, ಸರಿಯಾಗುತ್ತೆ ಅಂತ ಹೋದೆ. ಎಪ್ಪತ್ತು ಸುತ್ತು ತಿರುಗಿಸ್ದೆ. ಕೊನೆಯ ಹತ್ತು ಸುತ್ತು ಹ್ಯಾಂಡಲ್ ಹಗುರ ಆದಂಗಿತ್ತು, ಕೈ ಪಳಗಿದೆ ಅಂದ್ಕೊಂಡೆ. ಎಂಜಿನ್ನಲ್ಲಿ ಆಯಿಲ್ ಮಟ್ಟ ನೋಡೋ ಕಡ್ಡಿ, ಡಿಪ್ ಸ್ಟಿಕ್, ಎಳೆದು ನೋಡಿದ್ರೆ ಕೆಳಗಿನ ಗೆರೆ ಹತ್ರ. ಗಾಡಿಯವರು "ಏನಣ್ಣ ಇದು" ಅಂತಾರೆ, ನಾನು ಮೀಟರ್ ತೋರಿಸ್ತಾ ವಾದ ಮಾಡ್ತಿದೀನಿ! ಆಮೇಲೆ ಡ್ರಮ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದಾಗ ಗೊತ್ತಾಯ್ತು, ಒಳಗೆ ಆಯಿಲ್ ಹೀರ್ಕೊಳ್ಳೋ ಪೈಪು ತಳ ಮುಟ್ಟಲ್ಲ, ಹತ್ತಿರ ಹತ್ತಿರ ಒಂದೂವರೆ ಲೀಟರ್ ಅದಕ್ಕೆ ಸಿಗಲ್ಲ. ಕಸ ಕೆಳಗೆ ಕೂತ್ಕೊಳ್ಲಿ ಅಂತ ಬೇಕಂತಲೇ ಹಂಗೆ ಮಾಡಿರ್ತಾರೆ, ತಪ್ಪೇನಿಲ್ಲ, ಆದ್ರೆ ಬಂದಿದ್ದ ಒಂದೇ ಹಾಳೆಯ ಕಾಗದದಲ್ಲಿ ಅದನ್ನ ಒಂದು ಸಾಲು ಬರೆದಿದ್ರೆ ಇವರ ಗಂಟೇನು ಹೋಗ್ತಿತ್ತು. ಈಗ ಡ್ರಮ್ಮಿನ ಹೊರಗೆ ಪೇಂಟಲ್ಲಿ ಗೆರೆ ಎಳೆದಿದೀನಿ, ಡ್ರಮ್ ಒಳಗೆ ಕಡ್ಡಿ ಬಿಟ್ಟು ನೋಡಿ ಆ ಗೆರೆ ಮಟ್ಟಕ್ಕಿಂತ ಕೆಳಗೆ ಇಳಿದ್ರೆ ತುಂಬಿಸದೆ ಕೆಲಸಕ್ಕೆ ಕೈ ಹಾಕಲ್ಲ.

ಆ ಘಟನೆ ಆದ್ಮೇಲೆ ಸಿಟ್ಟು ಬಂದು ಪಂಪನ್ನೇ ಪರೀಕ್ಷೆ ಮಾಡೋಣ ಅಂತ ಪಕ್ಕದ ಕೊಬ್ಬರಿ ಮಂಡಿಯ ತೂಕದ ಮಷಿನ್ ಇಸ್ಕೊಂಡೆ. ಮಾಮೂಲಿ 15ಡಬ್ಲ್ಯೂ-40 ಡೀಸೆಲ್ ಎಂಜಿನ್ ಆಯಿಲ್ ಒಂದು ಲೀಟರ್ ತೂಗಿದ್ರೆ 870ರಿಂದ 880 ಗ್ರಾಂ ಬರುತ್ತೆ, ನೀರಿನ ಹಾಗೆ ಕೇಜಿ ಬರಲ್ಲ, ಇದು ನೆನಪಿಟ್ಕೊಳ್ಳಿ. ಹತ್ತು ಸುತ್ತು ಬಾಟ್ಲಿಗೆ ಬಿಟ್ಟು ತೂಗಿದೆ, 866 ಗ್ರಾಂ. ಮೂರು ಸಲ ಮಾಡಿದೆ, ಒಂದೆರಡು ಗ್ರಾಂ ಆಚೆ ಈಚೆ. ಅಂದ್ರೆ ಪಂಪ್ ಪ್ರಾಮಾಣಿಕ, ದಡ್ಡತನ ನಂದೇ. ಬಿಸಿಲಿಗೆ ಆಯಿಲ್ ಹಿಗ್ಗಿ ಅಳತೆ ಕೆಡುತ್ತೆ ಅಂತ ಕೆಲವರು ಹೇಳ್ತಾರೆ, ಹಿಗ್ಗೋದು ನಿಜ, ಆದ್ರೆ ಇಪ್ಪತ್ತು ಡಿಗ್ರಿ ಏರಿದ್ರೂ ಲೀಟರಿಗೆ ಹದಿನಾಲ್ಕು ಹದಿನೈದು ಮಿಲಿ ಅಷ್ಟೆ, ಅದಕ್ಕೆಲ್ಲ ನಿದ್ದೆ ಕೆಡಿಸ್ಕೊಳ್ಳೋದು ಬೇಡ.

ಇನ್ನೊಂದು ವಿಷ್ಯ ಅರ್ಧ ಸುತ್ತಿಂದು. ಒಳಗಿರೋದು ಸೈಕಲ್ ಪಂಪಿನ ಥರದ ಪಿಸ್ಟನ್ನು, ಹ್ಯಾಂಡಲ್ ಅರ್ಧ ಸುತ್ತು ಬರೋವಾಗ ಆಯಿಲ್ ಹೀರ್ಕೊಳ್ಳುತ್ತೆ, ಇನ್ನರ್ಧದಲ್ಲಿ ದಬ್ಬುತ್ತೆ. ಹಾಗಾಗಿ ಸ್ಕೂಟರಿಗೆ 650 ಮಿಲಿ ಬೇಕು ಅಂತ ಆರೂವರೆ ಸುತ್ತು ತಿರುಗಿಸಿದ್ರೆ ನಿಮ್ಮ ಹ್ಯಾಂಡಲ್ ಎಲ್ಲಿಂದ ಹೊರಡ್ತು ಅನ್ನೋದರ ಮೇಲೆ 600ಉ ಬರಬಹುದು, 700ಉ ಬರಬಹುದು. ನನ್ನ ಹುಡುಗ ಇದನ್ನ ಕಂಡುಹಿಡಿದಿದ್ದು, ನಾನಲ್ಲ. ದಬ್ಬೋದು ಶುರುವಾಗೋ ಜಾಗಕ್ಕೆ ಹಳದಿ ಚುಕ್ಕಿ ಇಟ್ವಿ. ಆ ಚುಕ್ಕಿಯಿಂದ ಕಾಲು ಸುತ್ತಿಗೆ 50 ಬರುತ್ತೆ ಅಂದ್ಕೊಂಡ್ರೆ ಅದೂ ಇಲ್ಲ, 44 ಬಂತು. ಹ್ಯಾಂಡಲ್ಲಿಗೂ ಪಿಸ್ಟನ್ನಿಗೂ ನಡುವಿನ ಕನೆಕ್ಟಿಂಗ್ ರಾಡ್ ಓರೆಯಾಗೋದ್ರಿಂದ ಪಿಸ್ಟನ್ ಮೊದಲ ಕಾಲಿನಲ್ಲಿ ಕಮ್ಮಿ ಹೋಗುತ್ತೆ, ಎರಡನೇ ಕಾಲಿನಲ್ಲಿ ಜಾಸ್ತಿ ಹೋಗುತ್ತೆ, ಎಂಜಿನ್ ಬಿಚ್ಚಿದೋರಿಗೆ ಹೇಳೋದೇ ಬೇಡ. ಒಟ್ಟಲ್ಲಿ ಸ್ಕೂಟರಿಗೆ, ಅದರ ಗೇರ್ ಬಾಕ್ಸಿನ 120 ಮಿಲಿಗೆ ಎಲ್ಲ ಈ ಪಂಪ್ ಬೇಡ, ಅಳತೆ ಗೆರೆ ಇರೋ ಪ್ಲಾಸ್ಟಿಕ್ ಜಗ್ಗೇ ವಾಸಿ. ದೊಡ್ಡ ಲೆಕ್ಕಕ್ಕೆ ಮಾತ್ರ ಇದು.

ಗೇರ್ ಆಯಿಲಿಗೆ ಬಳಸಬಹುದಾ ಅಂತ ಕೇಳ್ತಾರೆ. ಬಳಸಬಹುದು, ತಾಳ್ಮೆ ಇದ್ರೆ. ಡಿಸೆಂಬರಲ್ಲಿ ಬೆಳಿಗ್ಗೆ ಏಳಕ್ಕೆ ಇಪಿ-90 ಅನ್ನೋ ದಪ್ಪ ಗೇರ್ ಆಯಿಲ್ ತುಂಬಿ ತಿರುಗಿಸಿ ನೋಡಿ, ಬೆಲ್ಲದ ಪಾಕ ಎಳೆದಂಗಿರುತ್ತೆ, ಭುಜ ಬಿದ್ದೋಗುತ್ತೆ. ಬೇಗ ಮುಗಿಸೋಣ ಅಂತ ಜೋರಾಗಿ ತಿರುಗಿಸಿದ್ರೋ, ದಪ್ಪ ಆಯಿಲ್ ಅಷ್ಟು ಬೇಗ ಒಳಗೆ ಬರಲ್ಲ, ಪಿಸ್ಟನ್ ಅರೆಹೊಟ್ಟೇಲೇ ವಾಪಸ್ ಬರುತ್ತೆ, ಮೀಟರ್ ಮಾತ್ರ ಸುತ್ತು ಏರಿಸ್ತಾ ಹೋಗುತ್ತೆ. ನಾವು ಡ್ರಮ್ಮನ್ನ ಒಂದು ಗಂಟೆ ಬಿಸಿಲಿಗಿಟ್ಟು, ಎರಡು ಸೆಕೆಂಡಿಗೊಂದು ಸುತ್ತಿನ ಹಾಗೆ ತಿರುಗಿಸ್ತೀವಿ. ಟ್ರಾಕ್ಟರ್ ಗೇರ್ ಬಾಕ್ಸು ಹೌಸಿಂಗು ಪೂರ್ತಿ ಬದಲಾಯಿಸೋದಾದ್ರೆ ಮೂವತ್ತು ನಲವತ್ತು ಲೀಟರು, ಅಂದ್ರೆ ಮುನ್ನೂರು ನಾನೂರು ಸುತ್ತು, ಅದಕ್ಕೆ ಇದನ್ನ ತಗೊಂಡು ಹೋಗೋದು ಹುಚ್ಚು ಕೆಲಸ.

ರಿಪೇರಿ ವಿಷ್ಯಕ್ಕೆ ಬರೋಣ. ವರ್ಷದೊಳಗೆ ಮೊದಲನೇ ತೊಂದರೆ, ರಾತ್ರಿ ಬಿಟ್ಟು ಬೆಳಿಗ್ಗೆ ಹಿಡಿದ್ರೆ ಮೊದಲ ಒಂದೆರಡು ಸುತ್ತು ಏನೂ ಬರ್ತಿರ್ಲಿಲ್ಲ. ತಳದ ಬಾಲ್ ವಾಲ್ವಲ್ಲಿ ಕೈ ಒರೆಸೋ ಬನಿಯನ್ ವೇಸ್ಟ್ ಬಟ್ಟೆಯ ಒಂದು ಎಳೆ ಸಿಕ್ಕಾಕ್ಕೊಂಡಿತ್ತು, ಕೂದಲಷ್ಟು ಸಣ್ಣದು, ಅಷ್ಟಕ್ಕೇ ಬಾಲ್ ಸರಿಯಾಗಿ ಕೂರದೆ ಪೈಪಲ್ಲಿರೋ ಆಯಿಲೆಲ್ಲ ಡ್ರಮ್ಮಿಗೆ ವಾಪಸ್ ಇಳಿತಿತ್ತು. ಹೊನ್ನವಳ್ಳಿ ಯಜಮಾನ್ರ "ಲಾಭ" ಬರೀ ಗಾಳಿ! ಈಗ ಏನೇ ಇರ್ಲಿ, ಮೊದಲ ಎರಡು ಸುತ್ತು ಮಗ್ಗಿಗೆ ಬಿಟ್ಟು ಅದನ್ನ ಡ್ರಮ್ಮಿಗೇ ಹುಯ್ದು, ಮೀಟರ್ ಸೊನ್ನೆ ಮಾಡಿ, ಆಮೇಲೆ ಗಾಡಿಗೆ ಮೂತಿ ಇಡೋದು.

ಎರಡನೇದು ಸೀಲು. ಆರು ತಿಂಗಳಿಗೊಂದ್ಸಲ ತೂಗ್ತೀನಿ, ಎರಡು ವರ್ಷದ ಹೊತ್ತಿಗೆ ಹತ್ತು ಸುತ್ತಿಗೆ 832 ಗ್ರಾಂಗೆ ಇಳಿದಿತ್ತು. ಕಣ್ಣಿಗೆ ಕಾಣಲ್ಲ, ಹೊರಗೆ ಒಂದು ಹನಿ ಸೋರಿಲ್ಲ, ಪಿಸ್ಟನ್ ಸುತ್ತ ಇರೋ ರಬ್ಬರ್ ಸೀಲ್ ಸವೆದು ಆಯಿಲ್ ಒಳಗೊಳಗೇ ಹಿಂದಕ್ಕೆ ಜಾರ್ತಿತ್ತು. ಲೀಟರಿಗೆ ನಲವತ್ತು ಮಿಲಿ ಅಂದ್ರೆ ಏಳು ಲೀಟರಿಗೆ ಕಾಲು ಲೀಟರ್ ಮೇಲೆ ಹೋಯ್ತು. ತಮಾಷೆ ಏನಂದ್ರೆ ಅದೇ ಸವೆದ ಸೀಲಲ್ಲಿ ಇಪಿ-90 ಹಾಕಿ ನಿಧಾನಕ್ಕೆ ತಿರುಗಿಸಿದ್ರೆ ಅಳತೆ ಹೆಚ್ಚುಕಮ್ಮಿ ಸರಿಯಾಗೇ ಬರ್ತಿತ್ತು, ದಪ್ಪ ಆಯಿಲ್ ಸಂದೀಲಿ ಜಾರಲ್ಲ ನೋಡಿ. ಹಾಗಾಗಿ ಪರೀಕ್ಷೆ ಮಾಡೋದಿದ್ರೆ ತೆಳು ಆಯಿಲಲ್ಲಿ ಮಾಡಿ. ಮಾರಿದವನಿಗೆ ಸೀಲ್ ಕಿಟ್ ಕೇಳೋಕೆ ಫೋನ್ ಮಾಡಿದ್ರೆ ಮೊದಲ ಸಲ "ಸ್ಟಾಕ್ ಬರುತ್ತೆ ಸರ್" ಅಂದ, ಎರಡನೇ ಸಲದಿಂದ ಎತ್ತಲೇ ಇಲ್ಲ. ತುಮಕೂರಿಗೆ ಬೇರೆ ಕೆಲಸಕ್ಕೆ ಹೋದಾಗ ಹೈಡ್ರಾಲಿಕ್ ಸೀಲ್ ಮಾರೋ ಅಂಗಡೀಲಿ ಅಳತೆ ನೋಡಿ ಕೊಟ್ರು, ಎರಡಕ್ಕೆ ಎಪ್ಪತ್ತು ರೂಪಾಯಿ, ಹಾಕಿದ ಮೇಲೆ 864.

ಧೂಳಿನ ಕಥೆ ಒಂದಿದೆ. ಮುಚ್ಚಳದಲ್ಲಿ ಗಾಳಿ ಆಡೋಕೆ ಸಣ್ಣ ತೂತಿದೆ, ತೋಟದ ಧೂಳು ಹೋಗುತ್ತೆ ಅಂತ ನಮ್ಮ ಹುಡುಗ ಬುದ್ಧಿವಂತಿಕೆ ಮಾಡಿ ಎಂ-ಸೀಲ್ ಮೆತ್ತಿಬಿಟ್ಟ. ಇಪ್ಪತ್ತು ಸುತ್ತಿಗೆ ಹ್ಯಾಂಡಲ್ ಬಿಗಿಯಾಗಿ, ಕೈ ಬಿಟ್ರೆ ತಾನೇ ಹಿಂದೆ ಎಳೀತಿದೆ. ಒಳಗೆ ಗಾಳಿ ಹೋಗ್ದೆ ಆಯಿಲ್ ಹೊರಗೆ ಹೆಂಗೆ ಬರುತ್ತೆ. ಎಂ-ಸೀಲ್ ಕಿತ್ತು, ತೂತಿನ ಮೇಲೆ ಸ್ಪಾಂಜಿನ ತುಂಡು ಕಟ್ಟಿದೀವಿ, ಬೈಕಿನ ಏರ್ ಫಿಲ್ಟರಿಂದ ಕತ್ತರಿಸಿದ್ದು.

ಇದರಲ್ಲಿ ಬ್ರೇಕ್ ಆಯಿಲ್ ಹಾಕ್ಬೇಡಿ, ಈ ಸೀಲಿನ ರಬ್ಬರ್ ಊದ್ಕೊಳ್ಳುತ್ತೆ. ಡೀಸೆಲ್ ಲಾರಿಗೆ ಹಾಕೋ ಯೂರಿಯಾ ದ್ರಾವಣಾನೂ ಬೇಡ, ಕಬ್ಬಿಣ ತಿನ್ನುತ್ತೆ, ಒಣಗಿದ್ರೆ ಹರಳಾಗಿ ವಾಲ್ವ್ ಕಟ್ಕೊಳ್ಳುತ್ತೆ. ಪೆಟ್ರೋಲ್ ವಿಷ್ಯ ಹೇಳೋದೇ ಬೇಡ, ಆದ್ರೂ ಒಬ್ರು ಕೇಳಿದ್ರು ಅದಕ್ಕೇ ಬರೆದೆ.

ಡ್ರಮ್ಮಿಗೆ ತುಂಬಿಸೋಕೆ ನಾವು ಮೂರು ಗ್ಯಾರೇಜಿನೋರು ಸೇರಿ 210 ಲೀಟರಿನ ಬ್ಯಾರಲ್ ತರಿಸ್ತೀವಿ, ಡಬ್ಬದ ರೇಟಿಗಿಂತ ಲೀಟರ್ ಮೇಲೆ ಐವತ್ತು ಅರವತ್ತು ಉಳಿಯುತ್ತೆ, ಪಂಪಿನ ದುಡ್ಡು ಮೊದಲ ವರ್ಷದಲ್ಲೇ ವಾಪಸ್ ಬಂತು. ಬ್ಯಾರಲ್ಲನ್ನ ಹೊರಗೆ ನೆಟ್ಟಗೆ ನಿಲ್ಲಿಸ್ಬೇಡಿ ಮಾತ್ರ. ಮಳೆ ನೀರು ಮೇಲಿನ ತಟ್ಟೆಯಲ್ಲಿ ನಿಲ್ಲುತ್ತೆ, ಹಗಲು ಕಾದು ರಾತ್ರಿ ತಣ್ಣಗಾದಾಗ ಬ್ಯಾರಲ್ ಉಸಿರು ಎಳ್ಕೊಳ್ಳುತ್ತೆ, ಬಿರಡೆ ಎಷ್ಟು ಬಿಗಿ ಇದ್ರೂ ಥ್ರೆಡ್ಡಿನ ಸಂದೀಲಿ ನೀರು ಒಳಗೆ. ನಮ್ಮಲ್ಲಿ ಒಬ್ರ ಪಾಲಿನ ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದು ಹಿಂಗೇ. ಅಡ್ಡ ಮಲಗಿಸಿ, ಇಲ್ಲಾಂದ್ರೆ ಒಂದು ಕಡೆ ಮರದ ತುಂಡು ಕೊಟ್ಟು ಓರೆ ಮಾಡಿ, ನಿಂತ ನೀರು ಯಾವ ಬಿರಡೆಗೂ ಮುಟ್ಟದ ಹಾಗೆ.

ಮತ್ತೆ ಯಾರಾದ್ರೂ ಬಾಟ್ಲಿ ಹಿಡ್ಕೊಂಡು ಬಂದು "ಒಂದು ಲೀಟರ್ ಲೂಸ್ ಕೊಡಣ್ಣ" ಅಂದ್ರೆ ಈ ಪಂಪಲ್ಲಿ ಕೊಡಲ್ಲ. ಅಳೆದು ಮಾರೋಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರೋ ಅಳತೆ ಬೇಕು, ಇದಕ್ಕೆ ಆ ಮುದ್ರೆ ಇಲ್ಲ. ಮುದ್ರೆ ಹೊಡೆಸಿದ ಲೀಟರ್ ಕ್ಯಾನ್ ಪಕ್ಕದಲ್ಲೇ ಇಟ್ಟಿದೀನಿ. ಸರ್ವೀಸಲ್ಲಿ ಕೂಡ ಕೊನೇ ಮಾತು ಡಿಪ್ ಸ್ಟಿಕ್ಕಿಂದೇ, ಗಾಡಿ ಸಮನೆಲದಲ್ಲಿ ನಿಲ್ಲಿಸಿ, ಎರಡು ನಿಮಿಷ ಎಂಜಿನ್ ಓಡಿಸಿ ಆಫ್ ಮಾಡಿ, ಆಯಿಲ್ ಇಳಿಯೋಕೆ ಬಿಟ್ಟು ಆಮೇಲೆ ನೋಡ್ತೀವಿ.

ಇಷ್ಟೆಲ್ಲ ಬೈದ್ರೂ ನಾಳೆ ಇದು ಕಳೆದೋದ್ರೆ ಇಂಥದ್ದೇ ಇನ್ನೊಂದು ತಗೋತೀನಿ, ಕರೆಂಟ್ ಪಂಪ್ ತಗೊಳಲ್ಲ, ತೋಟದಲ್ಲಿ ಕರೆಂಟ್ ಯಾವಾಗ ಇರುತ್ತೆ ಅಂತ ನಿಮಗೂ ಗೊತ್ತು. ದಿನಕ್ಕೆ ಬೈಕ್ ಮಾತ್ರ ಮಾಡೋರು ತಗೋಬೇಡಿ. ಸ್ಟಾರ್ ಕೊಡ್ಲೇಬೇಕು ಅಂದ್ರೆ ಮೂರೂವರೆ, ಮಾರಿದವನ ಹತ್ರಾನೇ ಸೀಲ್ ಸಿಕ್ಕಿದ್ರೆ ನಾಲ್ಕೂ ಕೊಡ್ತಿದ್ದೆ. ಸೀಲ್ ಸೈಜ್ ಎಷ್ಟು ಅಂತ ಕೇಳೋರಿಗೆ, ನಂದು ನಿಮ್ಮದಕ್ಕೆ ಆಗುತ್ತೆ ಅಂತ ಗ್ಯಾರಂಟಿ ಇಲ್ಲ, ಹಳೇ ಸೀಲ್ ಎಸೀಬೇಡಿ, ಅದನ್ನ ಕೈಯಲ್ಲಿ ಹಿಡ್ಕೊಂಡೇ ಅಂಗಡಿಗೆ ಹೋಗಿ, ಎರಡು ಜೊತೆ ತಗೊಂಡ್ಬಿಡಿ.