ಎರಡನೆಯ ಅಂಗಡಿಗೆ ಜಾಗ: ದುಡ್ಡಿನ ವರದಿ, ಪುಕ್ಕಟೆ ನಕ್ಷೆ, ನಮ್ಮದೇ ಬಿಲ್ಲು

ನನ್ನ ಮತ ಯಾವುದಕ್ಕೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮದೇ ಅಂಗಡಿಯ ಬಿಲ್ಲುಗಳಿಗೆ. ಮೈಸೂರಿನ ಅಗ್ರಹಾರದಲ್ಲಿ ನಮ್ಮದೊಂದು ಕಾಂಡಿಮೆಂಟ್ಸ್ ಇದೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಚಟ್ನಿಪುಡಿ ಮಾರುತ್ತೇವೆ. ಎರಡನೆಯ ಅಂಗಡಿಗೆ ಜಾಗ ಹುಡುಕುವಾಗ ದತ್ತಾಂಶದ ಮೂರು ದಾರಿಗಳನ್ನೂ ಹಿಡಿದು ನೋಡಿದೆ. ಅದರಲ್ಲಿ ಒಂದಕ್ಕೆ ಕೊಟ್ಟ ಹಣ ಇನ್ನೂ ಹೊಟ್ಟೆ ಉರಿಸುತ್ತಿದೆ.

ಆ ಹಣ ಹೋದದ್ದು ಒಂದು ಕಂಪನಿಯ ‘ಸ್ಥಳ ವಿಶ್ಲೇಷಣಾ ವರದಿ’ಗೆ. ಬಣ್ಣಬಣ್ಣದ ನಕ್ಷೆ, ಪ್ರತಿ ಜಾಗಕ್ಕೂ ನೂರಕ್ಕೆ ಇಷ್ಟು ಎಂದು ಅಂಕ. ಎಲ್ಲಕ್ಕಿಂತ ಹೆಚ್ಚು ಅಂಕ ಗಿಟ್ಟಿಸಿದ್ದು ಸರಸ್ವತಿಪುರದಲ್ಲಿ ಕೆರೆಯ ಕಡೆಗಿದ್ದ ಒಂದು ಮಳಿಗೆ. ಬೆಳಿಗ್ಗೆ ಆರರಿಂದ ಎಂಟರವರೆಗೆ ಅಲ್ಲಿ ಭಾರೀ ಜನಸಂಚಾರವಂತೆ, ಬಂದವರು ಬಹಳ ಹೊತ್ತು ಅಲ್ಲೇ ಇರುತ್ತಾರಂತೆ. ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರೆಲ್ಲ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯಲು ಬರುವವರು. ಮೊಬೈಲ್‌ಗಳು ಕಳುಹಿಸಿದ ಸ್ಥಳದ ಗುರುತನ್ನು ಒಟ್ಟುಹಾಕಿ ಜನರನ್ನು ಎಣಿಸಿದರೆ, ನಡೆಯಲು ಬಂದವರೂ ಕೊಳ್ಳಲು ಬಂದವರೂ ಒಂದೇ ಚುಕ್ಕೆಯಾಗಿ ಕಾಣುತ್ತಾರೆ. ಬೊಜ್ಜಿಗೋ ಸಕ್ಕರೆ ಕಾಯಿಲೆಗೋ ಹೆದರಿ ಬೆವರು ಸುರಿಸುತ್ತಿರುವವರು ಎಣ್ಣೆಯಲ್ಲಿ ಕರಿದ ಕೋಡುಬಳೆಗೆ ಕೈ ಚಾಚುವುದುಂಟೇ? ಅಷ್ಟಕ್ಕೂ ಆ ಹೊತ್ತಿಗೆ ನಮ್ಮ ಬಾಣಲೆ ಇನ್ನೂ ಒಲೆ ಏರಿರುವುದಿಲ್ಲ.

ಬೆಳಗಿನ ಆ ಎರಡು ಗಂಟೆಗಳನ್ನು ತೆಗೆದುಹಾಕಿ ಮತ್ತೆ ಅಂಕ ಕೊಡಿ ಎಂದು ಕೇಳಿದೆ. ಅದಕ್ಕೆ ಪ್ರತ್ಯೇಕ ಶುಲ್ಕ ಎಂದರು.

ವರದಿಯ ವರ್ತುಲದ್ದು ಇನ್ನೊಂದು ತಮಾಷೆ. ಮಳಿಗೆಯನ್ನು ನಡುವಿಟ್ಟು ಒಂದು ಕಿಲೋಮೀಟರ್ ತ್ರಿಜ್ಯದಲ್ಲಿ ವೃತ್ತ ಎಳೆದು, ಒಳಗಿನ ಜನಸಂಖ್ಯೆಯನ್ನು ಲೆಕ್ಕ ಹಾಕಿದ್ದರು. ವೃತ್ತದ ಒಂದು ಭಾಗ ಕೆರೆಯ ನೀರು, ಅದರಾಚೆ ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಮರಗಳು. 2011ರ ಜನಗಣತಿಯ ವಾರ್ಡ್ ಅಂಕಿಗಳನ್ನು ವಾರ್ಡಿನ ಉದ್ದಗಲಕ್ಕೂ ಸಮನಾಗಿ ಹರಡಿದ್ದರಿಂದ ನೀರಿನ ಮೇಲೂ ಸಂಸಾರಗಳು ವಾಸವಾಗಿದ್ದವು! ಅಂಗಡಿಗೆ ಬೇಕಾದದ್ದು ವೃತ್ತವಲ್ಲ, ಹತ್ತು ನಿಮಿಷದಲ್ಲಿ ನಡೆದು ತಲುಪಬಹುದಾದ ಮನೆಗಳ ಲೆಕ್ಕ. ಕೆರೆ ಅಡ್ಡ ಬಂದರೆ, ರಸ್ತೆ ವಿಭಜಕ ಅಡ್ಡ ಬಂದರೆ ಆ ಪ್ರದೇಶ ಸೊಟ್ಟಗಾಗುತ್ತದೆ. ಸೊಟ್ಟಗಿರುವುದೇ ಸರಿ.

ಎರಡನೆಯ ದಾರಿ ಪುಕ್ಕಟೆ: ಜನರೇ ಸೇರಿ ಕಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ, ನಕ್ಷೆಗಳ ಮೇಲೆ ಲೆಕ್ಕ ಹಾಕುವ ಕ್ಯೂಜಿಐಎಸ್ ತಂತ್ರಾಂಶ, ಗೂಗಲ್ ನಕ್ಷೆ. ಕಲಿಯಲು ತಾಳ್ಮೆ ಬೇಕು, ನಡಿಗೆಯ ದೂರವನ್ನು ರಸ್ತೆಯ ಜಾಡಿನಲ್ಲೇ ಅಳೆಯಬಹುದು. ಗೂಗಲ್ ತೋರಿಸುವ ಜನದಟ್ಟಣೆಯ ಕಂಬಗಳ ವಿಷಯದಲ್ಲಿ ಮಾತ್ರ ಎಚ್ಚರ. ಪ್ರತಿ ಕಂಬವೂ ಅದೇ ಜಾಗದ ವಾರದ ಗರಿಷ್ಠ ದಟ್ಟಣೆಗೆ ಹೋಲಿಸಿದ ಅಳತೆಯೇ ಹೊರತು ತಲೆಯೆಣಿಕೆಯಲ್ಲ. ಚಹಾದಂಗಡಿಗೂ ಮಾಲ್‌ಗೂ ಒಂದೇ ಎತ್ತರದ ಕಂಬ ಇರಬಹುದು. ಯಾವ ಹೊತ್ತಿಗೆ ಜನ ಎಂದು ತಿಳಿಯಲು ಸಾಕು, ಎಷ್ಟು ಜನ ಎಂದು ತಿಳಿಯಲು ಸಾಲದು.

ಗ್ರಾಹಕರು ಯಾವ ಅಂಗಡಿಗೆ ಹೋಗಬಹುದೆಂದು ಅಂದಾಜಿಸಲು ಅಮೆರಿಕದ ಡೇವಿಡ್ ಹಫ್ ಎಂಬವರು 1960ರ ದಶಕದಲ್ಲಿ ಕೊಟ್ಟ ಸೂತ್ರವನ್ನೂ ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ. ಅಂಗಡಿ ದೊಡ್ಡದಾದಷ್ಟೂ ಸೆಳೆತ ಹೆಚ್ಚು, ದೂರವಾದಷ್ಟೂ ಕಡಿಮೆ ಎಂಬುದು ಅದರ ತಿರುಳು. ಪೀಠೋಪಕರಣ, ಬಟ್ಟೆ ಮಾರುವವರಿಗೆ ಒಪ್ಪಬಹುದು. ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್‌ನಷ್ಟು ಪುಟ್ಟ ಅಂಗಡಿಯ ಮುಂದೆ ಮೈಸೂರು ಪಾಕಿಗೆ ಮುಗಿಬೀಳುವ ಜನರನ್ನು ನೋಡಿದವರು ತಿಂಡಿ ವ್ಯಾಪಾರವನ್ನು ಚದರಡಿಯಲ್ಲಿ ಅಳೆಯುವುದಿಲ್ಲ.

ಇನ್ನು ನನ್ನ ಮೆಚ್ಚಿನದು. ಬಿಲ್ಲಿಂಗ್ ತಂತ್ರಾಂಶದಲ್ಲಿ ಒಂದು ಕಾಲಂ ಹೆಚ್ಚಿಗೆ ಹಾಕಿಸಿದೆವು: ಬಡಾವಣೆ. ಮೊಬೈಲ್ ಸಂಖ್ಯೆ ಕೇಳಲಿಲ್ಲ. ಅದಕ್ಕಾಗಿ ಗ್ರಾಹಕರನ್ನು ಒತ್ತಾಯಿಸಬಾರದೆಂದು 2023ರಲ್ಲೇ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ಸೂಚಿಸಿದೆ. ಯುಪಿಐ ಪಾವತಿಯಲ್ಲಿ ಹೆಸರು ಬರುತ್ತದೆ, ಊರುಕೇರಿ ಬರುವುದಿಲ್ಲ. ‘ಯಾವ ಕಡೆಯಿಂದ ಬಂದಿರಿ ಅಮ್ಮಾ?’ ಎಂದರೆ ಉತ್ತರ ಸಲೀಸಾಗಿ ಸಿಗುತ್ತದೆ, ಜೊತೆಗೆ ಬಸ್ಸಿನ ಬಗ್ಗೆ ಎರಡು ಬೈಗುಳವೂ. ಕುವೆಂಪುನಗರ, ಕೆ.ನಗರ, ಕುವೆಂಪು ನಗರ ಎಂದು ನಮ್ಮ ಹುಡುಗರು ಬಗೆಬಗೆಯಾಗಿ ಬರೆದದ್ದನ್ನು ಒಂದು ಮಾಡುವುದೇ ಕೆಲಸವಾಯಿತು.

ಪಟ್ಟಿ ಮಾಡಿದಾಗ ಕಂಡದ್ದು ಇದು: ಕುವೆಂಪುನಗರ, ರಾಮಕೃಷ್ಣನಗರದವರು ತಿಂಗಳಿಗೊಂದು ವಾರದ ಕೊನೆಗೆ ಬರುತ್ತಾರೆ, ಒಂದೇ ಸಲಕ್ಕೆ ಚೀಲ ತುಂಬ ಒಯ್ಯುತ್ತಾರೆ. ಸರಸ್ವತಿಪುರದ ಹೆಸರು ಪಟ್ಟಿಯ ತಳದಲ್ಲೆಲ್ಲೋ ಇತ್ತು. ಆಮೇಲೆ ಸಂಜೆ ಹೊತ್ತು ಕುವೆಂಪುನಗರದಲ್ಲಿ, ಖಾಲಿ ಮಳಿಗೆಯ ಮುಂದಿನ ತರಕಾರಿ ಗಾಡಿಯ ಪಕ್ಕ ಎಣಿಸುವ ಯಂತ್ರ ಹಿಡಿದು ನಿಂತೆ. ಬರಿಗೈಯವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೈಚೀಲ ಹಿಡಿದವರಿಗೆ ಮಾತ್ರ ಗುಂಡಿ ಒತ್ತಿದೆ. ಎದುರು ಬದಿಯ ಮಳಿಗೆಗೆ ಬಾಡಿಗೆ ಕಡಿಮೆಯಿತ್ತು, ಆದರೆ ಅದು ಪೇಟೆಗೆ ಹೋಗುವವರ ಬದಿ. ತಿಂಡಿ ಕೊಳ್ಳುವುದು ಮನೆಗೆ ಮರಳುವಾಗ. ಹಾಗಾಗಿ ಹೆಚ್ಚು ಬಾಡಿಗೆಯ ಬದಿಯನ್ನೇ ಹಿಡಿದೆ.

ಇದರಲ್ಲೂ ಒಂದು ಕುಂದಿದೆ. ಬಿಲ್ಲುಗಳು ಈಗಾಗಲೇ ಬರುವವರ ಬಗ್ಗೆ ಹೇಳುತ್ತವೆಯೇ ಹೊರತು ಬಾರದವರ ಬಗ್ಗೆ ಅಲ್ಲ. ಹೊಸ ಅಂಗಡಿ ಹಳೆಯದರ ವ್ಯಾಪಾರವನ್ನೇ ಕಿತ್ತುಕೊಳ್ಳುವ ಭಯವೂ ಇತ್ತು. ಅಗ್ರಹಾರದಲ್ಲಿ ಕುವೆಂಪುನಗರದ ಬಿಲ್ಲುಗಳು ಇಳಿದದ್ದು ನಿಜ, ಆದರೆ ತಿಂಗಳಿಗೊಮ್ಮೆ ಬರುತ್ತಿದ್ದವರು ಹೊಸ ಅಂಗಡಿಗೆ ವಾರವಾರ ಬರತೊಡಗಿದ್ದರಿಂದ ಒಟ್ಟು ವ್ಯಾಪಾರ ಏರಿತು. ಗಂಟೆವಾರು ಬಿಲ್ಲು ನೋಡಿ ಹೊಸ ಅಂಗಡಿಯಲ್ಲಿ ರಾತ್ರಿ ಬಾಗಿಲು ಹಾಕುವ ಹೊತ್ತನ್ನು ಮುಂದಕ್ಕೆ ಹಾಕಿದೆವು, ಮಧ್ಯಾಹ್ನದ ಕರಿಯುವ ಕೆಲಸವನ್ನು ಸಂಜೆಗೆ ತಂದೆವು.

ವರ್ಷಕ್ಕೆ ಹತ್ತಾರು ಮಳಿಗೆ ತೆರೆಯುವವರು, ಪರಊರಿಗೆ ಹೋಗುವವರು ವರದಿ ಕೊಳ್ಳಲಿ. ಎಲ್ಲ ಕಡೆ ನಿಂತು ಎಣಿಸಲು ಅವರಿಗೆ ಆಗುವುದಿಲ್ಲ. ನನ್ನಂತೆ ಒಂದೆರಡು ಅಂಗಡಿ, ಮುಂಗಡಕ್ಕೇ ಹಣ ಹೊಂದಿಸುವ ಪಾಡು ಎಂದಾದರೆ ಬೇಡ. ಕೊಂಡೇ ಕೊಳ್ಳುವಿರಾದರೆ ಹಣ ಕೊಡುವ ಮುನ್ನ ಅಂಗಡಿ ತೆರೆದಿರುವ ಹೊತ್ತಿನ ಜನಸಂಚಾರವನ್ನಷ್ಟೇ ಬೇರ್ಪಡಿಸಿ ಕೊಡುತ್ತಾರೆಯೇ, ವೃತ್ತದ ಬದಲು ನಡಿಗೆಯ ದೂರ ಅಳೆಯುತ್ತಾರೆಯೇ, ತಿದ್ದುಪಡಿಗೆ ಮತ್ತೆ ಎಷ್ಟು ಎಂದು ಬರವಣಿಗೆಯಲ್ಲಿ ಪಡೆಯಿರಿ.