ಹೊಲಿಗೆಗಿಂತ ತೊಳೆಯುವುದಕ್ಕೆ ಹೆಚ್ಚು ಹೊತ್ತು ಕೊಟ್ಟ ಆಸ್ಪತ್ರೆ

ಮುಧೋಳದ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದ ಸಣ್ಣ ಆಸ್ಪತ್ರೆ ಇದು. ಕಬ್ಬು ಕಡಿಯುವಾಗ ಕುಡುಗೋಲು ಜಾರಿ ನನ್ನ ತಮ್ಮನ ಎಡಗೈ ತೋರುಬೆರಳಿನ ಗೆಣ್ಣು ಸೀಳಿತ್ತು. ಗಾಬರಿಯಲ್ಲಿ ಅವ್ವ ಅರಿಶಿನ ಮೆತ್ತಿದ್ದಳು. ಒಗೆದ ಟವೆಲನ್ನು ಗಾಯದ ಮೇಲೆ ಒತ್ತಿ ಹಿಡಿದುಕೊಂಡೇ ಅವನನ್ನು ಟಂಟಂನಲ್ಲಿ ಕರೆತಂದೆ.

ವೈದ್ಯರು ಕೂಡಲೇ ಸೂಜಿ ಹಿಡಿಯಲಿಲ್ಲ. ಬೆರಳ ತುದಿಗೆ ಹತ್ತಿ ತಾಗಿಸಿ, "ತಮ್ಮಾ, ಗೊತ್ತಾಗುತ್ತಿದೆಯೇ?" ಎಂದು ಕೇಳಿದರು. ಬೆರಳನ್ನು ಮಡಚಿಸಿದರು, ಚಾಚಿಸಿದರು, ಚಾಚಿದ ಬೆರಳನ್ನು ಒತ್ತಿ ಅದರ ಬಲ ನೋಡಿದರು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟ ಮೇಲೆ ಸ್ಪರ್ಶ ತಿಳಿಯುವುದಿಲ್ಲ, ಆದ್ದರಿಂದ ಇದು ಮೊದಲೇ ಆಗಬೇಕು ಎಂದರು. ಸ್ನಾಯುವನ್ನು ಮೂಳೆಗೆ ಸೇರಿಸುವ ಸ್ನಾಯುರಜ್ಜು ತುಂಡಾಗಿದ್ದರೆ ಬಾಗಲಕೋಟೆಗೆ ಕಳುಹಿಸುತ್ತಿದ್ದರಂತೆ. ಎಕ್ಸ್-ರೇಯಲ್ಲಿ ಮೂಳೆ ಸರಿಯಿತ್ತು.

ಆಮೇಲೆ ಶುರುವಾಯಿತು ತೊಳೆಯುವ ಕೆಲಸ. ದೊಡ್ಡ ಸಿರಿಂಜಿನಲ್ಲಿ ಸಲೈನ್ ಎಳೆದು, ಗಾಯದೊಳಕ್ಕೆ ರಭಸವಾಗಿ ಬಿಟ್ಟು, ಮತ್ತೆ ಎಳೆದು, ಮತ್ತೆ ಬಿಟ್ಟು. ಅರಿಶಿನದ ಗಂಟು, ಕರಿಮಣ್ಣು, ಕಬ್ಬಿನ ರವದಿಯ ಎಳೆ, ಎಲ್ಲವೂ ಒಂದೊಂದಾಗಿ ಹೊರಬಂದವು. ಬೇಸಿನ್‌ನಲ್ಲಿ ನೀರು ತಿಳಿಯಾಗುವವರೆಗೂ ನಿಲ್ಲಿಸಲಿಲ್ಲ. ನಮ್ಮ ಕಡೆ ಗಾಯವೆಂದರೆ ಎಷ್ಟು ಹೊಲಿಗೆ ಬಿದ್ದವು ಎಂದೇ ಕೇಳುತ್ತಾರೆ. ಎಷ್ಟು ಹೊತ್ತು ತೊಳೆದರು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಮಣ್ಣು ಒಳಗೇ ಉಳಿದರೆ ಮೇಲಿನ ಹೊಲಿಗೆ ಎಷ್ಟು ಅಂದವಾಗಿದ್ದರೂ ಕೀವಾಗುತ್ತದೆ ಎಂಬುದು ಆ ಬೇಸಿನ್ ನೋಡಿದ ಮೇಲೆ ನನಗೆ ಮನದಟ್ಟಾಯಿತು.

ಅಂಟು ಹಾಕಿ ಕೂಡಿಸಬಾರದೇ ಎಂದು ತಮ್ಮ ಕೇಳಿದ. ಮಡಚುವ ಜಾಗದಲ್ಲಿ ಅಂಟು ಬಿಟ್ಟುಕೊಳ್ಳುತ್ತದೆ ಎಂದು ಹೇಳಿ ಐದು ಹೊಲಿಗೆ ಹಾಕಿದರು. ಧನುರ್ವಾಯು ತಡೆಯುವ ಚುಚ್ಚುಮದ್ದಾದ ಟಿಟಿಯನ್ನು ತಮ್ಮ ಕೊನೆಯ ಸಲ ತೆಗೆದುಕೊಂಡು ಎಂಟು ವರ್ಷವಾಗಿತ್ತು. ಶುದ್ಧವಾದ ಸಣ್ಣ ಗಾಯಕ್ಕಾದರೆ 10 ವರ್ಷ ಲೆಕ್ಕ, ಮಣ್ಣು ಹೊಕ್ಕ ಗಾಯಕ್ಕೆ 5 ವರ್ಷ ಎಂದು ತಿಳಿಸಿ ಮತ್ತೊಂದು ಚುಚ್ಚಿದರು.

ಒಂದು ಕೊರತೆಯನ್ನು ಹೇಳಲೇಬೇಕು. ಮೂರನೆಯ ದಿನ ಪಟ್ಟಿ ಬದಲಿಸಲು ಹೋದಾಗ ಒಂದೂವರೆ ತಾಸು ಕಾಯಿಸಿದರು. ಬಂದ ಸಿಬ್ಬಂದಿ ಕೈ ತೊಳೆಯದೆಯೇ ಪಟ್ಟಿ ಬಿಚ್ಚಲು ಹೊರಟರು. ನಾನು ತಡೆದೆ. ಅಷ್ಟು ಶ್ರದ್ಧೆಯಿಂದ ತೊಳೆದ ಗಾಯವನ್ನು ಹೀಗೆ ಮುಟ್ಟುವುದು ನನಗೆ ಸಹಿಸಲಾಗಲಿಲ್ಲ. ವೈದ್ಯರಿಗೂ ತಿಳಿಸಿದೆ. ಅವರು ಆ ಸಿಬ್ಬಂದಿಯನ್ನು ಕರೆದು ನನ್ನೆದುರೇ ಕೈ ತೊಳೆಸಿದರು.

ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿದರು. ಮುಷ್ಟಿ ಪೂರ್ತಿ ಮುಚ್ಚುತ್ತದೆ. ಇಲ್ಲಿಗೆ ಹೋಗುವವರು ಕೊನೆಯ ಟಿಟಿ ಯಾವ ವರ್ಷದ್ದು ಎಂದು ನೆನಪು ಮಾಡಿಕೊಂಡು ಹೋಗಿ, ಬಾಗಿಲಲ್ಲೇ ಕೇಳುತ್ತಾರೆ.